ಹಿತ್ತಲ ಕೋಟೆಯ ಮುತ್ತಿಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿ ಹೋದರು. ಕೋಟೆ ಪಾಳು ಬೀಳಿಸಿ ನೋಡು ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಚನ್ನರಾಯಪಟ್ಟಣದ ಹಿತ್ತಾಳೆ ಪಾತ್ರೆ ಅಂಗಡಿಯ ಬ್ರಹ್ಮಪ್ಪ ಇಷ್ಟು ಕಷ್ಟಕ್ಕೆ ಕೈಹಾಕುತ್ತಿರಲಿಲ್ಲ. ಕಟ್ಟುವುದನ್ನು ಯಾವ ಗಾರೆಯವನಾದರೂ ಕಲಿಸಿಯಾನು. ಕಟ್ಟಿದ್ದಕ್ಕೆ ಮುನ್ನೂರು ವರ್ಷದ ಮಳೆ ಹೊಡೆದು, ಫಿರಂಗಿ ಗುಂಡು ಬಿದ್ದು, ರಾಜನ ವಂಶವೇ ನಿರ್ವಂಶವಾಗಿ, ಕೊನೆಗೆ ಕುರಿ ಮೇಯುವ ಹಾಗೆ ಕಾಣಿಸಬೇಕು. ಅದೂ ಆರು ತಿಂಗಳಲ್ಲಿ, ಅದೂ ಹೆಂಡತಿಯ ಕಣ್ಣೆದುರಿಗೆ. ಈ ವಿದ್ಯೆಗೆ ಗುರು ಎಲ್ಲಿ ಸಿಗುತ್ತಾನೆ?

ಹೆಂಡತಿಯ ಹೆಸರು ಜ್ವಾಲಾಮಾಲಿನಿ. (ಹೆಸರಿಟ್ಟ ಮಾವನವರು ಭವಿಷ್ಯ ಬಲ್ಲವರಿರಬೇಕು ಎಂದು ಬ್ರಹ್ಮಪ್ಪ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದ. ಬಾಯಿಬಿಟ್ಟು ಅಂದವನಲ್ಲ.) ಊರಿನ ಜೈನರ ಮನೆಗಳಲ್ಲೆಲ್ಲ ವ್ರತ, ನೇಮ ಎಂದರೆ ಅವಳ ಮಾತೇ ಮಾತು. ಅಷ್ಟಮಿಗೂ ಉಪವಾಸ, ಚತುರ್ದಶಿಗೂ ಉಪವಾಸ. ಭಾದ್ರಪದದ ಪರ್ವದಲ್ಲಂತೂ ಬರೀ ನೀರಿನಲ್ಲಿ ದಿನ ದೂಡಿ, ಬಸದಿಗೆ ನಡೆದೇ ಹೋಗಿ ಬರುವ ಗಟ್ಟಿಗಿತ್ತಿ. ಬ್ರಹ್ಮಪ್ಪನಿಗೆ ಅದೆಲ್ಲ ಆಗಿಬರುವುದಿಲ್ಲ. ಹೆಂಡತಿಯ ಪುಣ್ಯದಲ್ಲಿ ಗಂಡನಿಗೂ ಪಾಲಿದೆ ಎಂಬ ಧೈರ್ಯದ ಮೇಲೆ ಅವನು ಎರಡು ಹೊತ್ತೂ ಹೊಟ್ಟೆ ತುಂಬ ಉಣ್ಣುತ್ತಿದ್ದ. ಒಂದು ನೇಮವನ್ನು ಮಾತ್ರ ಅವನೂ ಮುರಿದವನಲ್ಲ. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನನ್ನೂ ಹಾಕುವುದಿಲ್ಲ ಎಂದು ತಾಯಿಗೆ ಕೊನೆಗಾಲದಲ್ಲಿ ಮಾತು ಕೊಟ್ಟಿದ್ದ. ಅಂಗಡಿಯಲ್ಲಿ ಮದುವೆ ಪಾತ್ರೆಯ ಗಿರಾಕಿಯೇ ಕೂತಿದ್ದರೂ ಸರಿ, ಸೂರ್ಯ ಅಂಗಡಿಯ ಎದುರುಮನೆಯ ಹೆಂಚಿಗೆ ಬಂದನೆಂದರೆ ಬ್ರಹ್ಮಪ್ಪ ಬಾಗಿಲೆಳೆದು ಮನೆಯ ಕಡೆ ಓಡುತ್ತಿದ್ದ.

ಕೋಟೆಯ ಹುಚ್ಚು ಹಿಡಿದದ್ದು ಹೊಳೆನರಸೀಪುರದಲ್ಲಿ. ಮಗಳು ರಾಜೀಮತಿಯನ್ನು ಹಾಸನಕ್ಕೆ ಮದುವೆ ಮಾಡಿಕೊಟ್ಟು ಮನೆ ಭಣಗುಟ್ಟುತ್ತಿದ್ದ ಕಾಲ. ನೆಂಟರ ಗೃಹಪ್ರವೇಶಕ್ಕೆ ಹೋದವನು ದಾರಿಯಲ್ಲಿ ಹಳೇ ಕೋಟೆಯ ಬಿದ್ದ ಗೋಡೆಯೊಂದನ್ನು ಕಂಡ. ಅಲ್ಲೇ ನಿಂತ. ಊಟಕ್ಕೆ ಎಲೆ ಹಾಕಿದ್ದಾರೆ ಎಂದು ಕರೆಯಲು ಬಂದವರು ಎರಡು ಸಲ ಬಂದು ಹೋದರು. ಈ ಗೋಡೆ ಒಳಕ್ಕೆ ಬಿತ್ತೋ, ಹೊರಕ್ಕೆ ಬಿತ್ತೋ? ಬೀಳುವಾಗ ಮೇಲಿದ್ದವನು ಏನು ಮಾಡಿದ? ಸಂದಿಯಲ್ಲಿ ಬೆಳೆದ ಅರಳಿಗಿಡ ಗೋಡೆ ಬಿದ್ದ ಮೇಲೆ ಹುಟ್ಟಿತೋ, ಗಿಡ ಹುಟ್ಟಿದ್ದರಿಂದ ಗೋಡೆ ಬಿತ್ತೋ? ದಿನವೆಲ್ಲ ಅಂಗಡಿಯಲ್ಲಿ ಕೊಡ, ಚೊಂಬುಗಳನ್ನು ಬೆರಳಿನಿಂದ ಟಣ್ಣೆನಿಸಿ "ಒಂದು ತಗ್ಗಿಲ್ಲ, ಒಂದು ಬಿರುಕಿಲ್ಲ" ಎಂದು ಮಾರುವವನು ಅವನು. ಒಡೆದದ್ದೂ ಇಷ್ಟು ಚೆಂದ ಕಾಣಬಹುದು ಎಂದು ಅವನಿಗೆ ಆವತ್ತೇ ಗೊತ್ತಾದದ್ದು.

ಹಿತ್ತಲಲ್ಲಿ ಬಚ್ಚಲುಮನೆ ಕಟ್ಟಿ ಮಿಕ್ಕಿದ ಇಟ್ಟಿಗೆ ರಾಶಿ ಬಿದ್ದಿತ್ತು. ಅದರಲ್ಲಿ ಬಟ್ಟೆ ಒಗೆಯಲು ಒಂದು ಕಟ್ಟೆ ಕಟ್ಟಿಸಿಕೊಡಿ ಎಂದು ಜ್ವಾಲಾಮಾಲಿನಿ ವರ್ಷದಿಂದ ಕೇಳುತ್ತಿದ್ದಳು. ಒಂದು ಭಾನುವಾರ ಗಂಡ ಮಣ್ಣು ಕಲೆಸತೊಡಗಿದ್ದನ್ನು ಕಂಡು ಅವಳಿಗೆ ಸಂತೋಷವೇ ಆಯಿತು. ಮೂರನೆಯ ಭಾನುವಾರಕ್ಕೆ ನಾಲ್ಕು ಮೂಲೆಗೆ ನಾಲ್ಕು ಬುರುಜು, ಮುಂದೊಂದು ಹೆಬ್ಬಾಗಿಲು, ಸೊಂಟದೆತ್ತರದ ಗೋಡೆ ಎದ್ದು ನಿಂತಾಗ ಅವಳಿಗೆ ಅನುಮಾನ ಬಂತು. ಬಟ್ಟೆ ಒಗೆಯುವ ಕಟ್ಟೆಗೆ ಬುರುಜು ಯಾಕೆ?

ಕೋಟೆಯೇನೋ ಆಯಿತು. ಆದರೆ ಬ್ರಹ್ಮಪ್ಪನ ಕಣ್ಣಿಗೆ ಅದು ಹೊಸ ಪೊಲೀಸ್ ಠಾಣೆಯ ಹಾಗೆ ಕಾಣುತ್ತಿತ್ತು. ಆಮೇಲೆ ಶುರುವಾಯಿತು ನಿಜವಾದ ಕೆಲಸ. ತಾನೇ ಕಟ್ಟಿದ್ದನ್ನು ತಾನೇ ಒಂದೊಂದು ಇಟ್ಟಿಗೆ ಕಿತ್ತು, ದೂರ ನಿಂತು ನೋಡಿ, ತಲೆಯಾಡಿಸಿ, ಮತ್ತೆ ಮೆತ್ತಿ, ಮತ್ತೆ ಕಿತ್ತ. ಕೊಡಗಟ್ಟಲೆ ನೀರು ಹುಯ್ದು ಮಣ್ಣು ಕೊರೆಸಿದ. ಸಂದಿಗೆ ಒಂದು ಅರಳಿಸಸಿ ನೆಟ್ಟ. ಪಾಚಿ ಬರಲಿ ಎಂದು ಗೋಡೆಗೆ ಮಜ್ಜಿಗೆ ಬಳಿದ.

"ಅಲ್ಲಾಂದ್ರೆ, ಬೆಳಿಗ್ಗೆ ಕಡೆದಿಟ್ಟ ಮಜ್ಜಿಗೆ ಏನಾಯ್ತು?" ಎಂದು ಜ್ವಾಲಾಮಾಲಿನಿ ಖಾಲಿ ಪಾತ್ರೆ ಹಿಡಿದು ಹಿತ್ತಲಿಗೆ ಬಂದಳು.

"ಕೋಟೆಗೆ," ಎಂದ ಬ್ರಹ್ಮಪ್ಪ, ಸಣ್ಣ ದನಿಯಲ್ಲಿ.

"ಕೋಟೆಗೆ ಬಾಯಾರಿಕೆಯೇ?"

"ಪಾಚಿ ಕಟ್ಟುತ್ತೆ ಮಾಲಿನಿ. ಹಳೇದರ ಹಾಗೆ ಕಾಣುತ್ತೆ."

ಅವಳು ಸ್ವಲ್ಪ ಹೊತ್ತು ಕೋಟೆಯನ್ನೇ ನೋಡಿದಳು. "ಬಿದ್ದದ್ದರಲ್ಲಿ ಏನು ಚೆಂದ ಕಾಣುತ್ತೆ ನಿಮಗೆ?" ಎಂದು ಕೇಳಿದಳು. ಜಗಳಕ್ಕಲ್ಲ, ನಿಜಕ್ಕೂ ತಿಳಿಯಬೇಕೆಂದೇ ಕೇಳಿದ್ದು.

"ನೆಟ್ಟಗಿರೋ ಕೋಟೆ ಕಂಡರೆ ಕೇಳೋಕೇನಿದೆ ಹೇಳು? ಬಿದ್ದದ್ದು ಕಂಡರೆ ಯಾರು ಬೀಳಿಸಿದ್ರು, ಯಾವ ಕಡೆಯಿಂದ ಬಂದ್ರು, ಒಳಗಿದ್ದೋರು ಎಲ್ಲಿಗೆ ಓಡಿದ್ರು... ಒಂದು ಇಟ್ಟಿಗೆ ಉರುಳಿದ್ರೆ ಹತ್ತು ಪ್ರಶ್ನೆ."

"ನಂದೂ ಹತ್ತು ಪ್ರಶ್ನೆ ಇದೆ. ಬಟ್ಟೆ ಎಲ್ಲಿ ಒಗೀಲಿ ಅನ್ನೋದು ಮೊದಲನೇದು," ಎಂದು ಅವಳು ಒಳಗೆ ಹೋದಳು.

ಇಷ್ಟಕ್ಕೇ ನಿಂತಿದ್ದರೆ ಕೋಟೆ ಕೋಟೆಯಾಗಿ, ಸಂಸಾರ ಸಂಸಾರವಾಗಿ ಇರುತ್ತಿತ್ತೇನೋ. ಅಷ್ಟರಲ್ಲಿ ದಂಡಿಗನಹಳ್ಳಿಯ ದೇವರಾಜು ಅದನ್ನು ನೋಡಿದ. ದೇವರಾಜು ಒಂದು ಕಾಲದಲ್ಲಿ ಪಟ್ಟಾಳಕ್ಕೆ ಸೇರಿ, ಬರ್ಮಾ ಗಡಿಯವರೆಗೆ ಹೋಗಿ, ಅಲ್ಲಿ ಉಗ್ರಾಣದ ಮೂಟೆ ಕಾದು, ಊರಿಗೆ ಬಂದು ರಾಗಿ ಬೆಳೆಯುತ್ತಿದ್ದವನು. ತಾಮ್ರದ ಹಂಡೆಗೆಂದು ಬಂದವನನ್ನು ಬ್ರಹ್ಮಪ್ಪ ಹಿತ್ತಲಿಗೆ ಕರೆದೊಯ್ದು ಕೋಟೆ ತೋರಿಸಿದ್ದ.

"ಅಣ್ಣೋ! ಇದ್ನ ಸುಮ್ಕೆ ನೋಡ್ಕಂಡು ಕುಂತಿದ್ದೀಯಲ್ಲ!" ಎಂದು ದೇವರಾಜು ಹಣೆ ಚಚ್ಚಿಕೊಂಡ. "ನಮ್ ಪಟ್ಟಾಳದಾಗೆ ದೊಡ್ಡ ದೊಡ್ಡ ಸಾಯೇಬ್ರೆಲ್ಲ ಮೇಜಿನ ಮ್ಯಾಲೆ ಮಳ್ಳು ಸುರ್ಕಂಡು, ಗುಡ್ಡ ಮಾಡಿ, ಕ್ವಾಟೆ ಮಾಡಿ ಯುದ್ದ ಆಡೋರು ಕಣಣ್ಣ. ನಾನೇ ಮಳ್ಳು ಒತ್ತಾಕಿವ್ನಿ. ನಾವೂ ಆಡಾನ!"

ಚೀನಾ ಯುದ್ಧ ಮುಗಿದ ಹೊಸತು. ಹೋಟೆಲಿನ ರೇಡಿಯೋ ಮುಂದೆ ಕೂತವರೆಲ್ಲ ಸೇನಾಪತಿಗಳಾಗಿದ್ದ ಕಾಲ. ಮುಂದಿನ ಭಾನುವಾರವೇ ಅಟ್ಟದ ಮೇಲಿದ್ದ ಹಳೇ ಬಾಗಿಲೊಂದು ಕೆಳಗಿಳಿದು, ಇಟ್ಟಿಗೆಯ ಕಾಲುಗಳ ಮೇಲೆ ಮಲಗಿ, ರಣರಂಗವಾಯಿತು. ಅದರ ಮೇಲೆ ಜೇಡಿಮಣ್ಣಿನ ಒಂದು ಮರಿಕೋಟೆ, ಹಿತ್ತಲ ಕೋಟೆಯ ತದ್ರೂಪು. ಹಿತ್ತಲಲ್ಲಿ ಒಂದು ಇಟ್ಟಿಗೆ ಉದುರಿದರೆ ಮುಂದಿನ ಭಾನುವಾರ ಮರಿಕೋಟೆಯಲ್ಲೂ ಅದೇ ಜಾಗದಲ್ಲಿ ಕಿಂಡಿ. ಹುಣಿಸೆಬೀಜ ಒಂದು ಕಡೆಯ ಕಾಲಾಳು, ಸೀತಾಫಲದ ಬೀಜ ಇನ್ನೊಂದು ಕಡೆಯದು, ಗಜ್ಜುಗ ಆನೆ. ಕವಡೆ ಬಿದ್ದಷ್ಟು ನಡೆ. ಮುತ್ತಿದವನ ಒಂದು ಬೀಜ ಕೋಟೆಯೊಳಗಿನ ಬಾವುಟ ಮುಟ್ಟಿದರೆ ಅವನು ಗೆದ್ದ. ಅಷ್ಟರೊಳಗೆ ಅವನ ಸೈನ್ಯ ಮುಗಿದರೆ ಕಾಯುವವನು ಗೆದ್ದ.

ಮೊದಲ ದಿನವೇ ದೇವರಾಜು "ಹೊಡ್ದಾಕ್ಬುಟ್ಟೆ! ಕೊಂದಾಕ್ಬುಟ್ಟೆ!" ಎಂದು ಕೂಗಿದ್ದು ಅಡಿಗೆಮನೆಗೆ ಕೇಳಿಸಿತು. ಜ್ವಾಲಾಮಾಲಿನಿ ಸೌಟು ಹಿಡಿದೇ ಬಂದಳು.

"ಈ ಮನೇಲಿ ಕೊಲ್ಲೋ ಮಾತು ಆಡೋ ಹಾಗಿಲ್ಲ ದೇವರಾಜು. ಹಿಟ್ಟಿನ ಕೋಳಿ ಕೊಯ್ದೋರಿಗೂ ಪಾಪ ತಪ್ಪಲಿಲ್ಲವಂತೆ. ಬೀಜವಾದ್ರೇನು, ಮನಸ್ಸಲ್ಲಿ ಕೊಂದ ಹಾಗೇ ತಾನೇ?"

"ಅಂಗಾದ್ರೆ ಯುದ್ದದಾಗೆ ಸತ್ತೋನ್ನ ಏನನ್ಬೇಕಕ್ಕ?"

ಅವಳು ಯೋಚಿಸಿ ತೀರ್ಪು ಕೊಟ್ಟಳು. "ದೀಕ್ಷೆ ತಗೊಂಡ ಅನ್ನಿ. ಸಂಸಾರ ಸಾಕಾಗಿ ಬೆಟ್ಟಕ್ಕೆ ಹೋದ ಅಂತ."

ಅಂದಿನಿಂದ ಆ ಬಾಗಿಲಿನ ಮೇಲೆ ಯಾರೂ ಸಾಯಲಿಲ್ಲ. ಸೋತ ಬೀಜಗಳೆಲ್ಲ ದೀಕ್ಷೆ ತೆಗೆದುಕೊಂಡು ಪಕ್ಕದ ಹಿತ್ತಾಳೆ ಬಟ್ಟಲೆಂಬ ಬೆಟ್ಟ ಸೇರಿ ತಪಸ್ಸಿಗೆ ಕೂರುತ್ತಿದ್ದವು. "ನಿನ್ನ ಆನೆಗೇ ದೀಕ್ಷೆ ಕೊಟ್ಬುಟ್ಟೆ ಕಣಣ್ಣ!" ಎಂದು ದೇವರಾಜು ತೊಡೆ ತಟ್ಟುತ್ತಿದ್ದ. ಸಂಜೆ ಹೊತ್ತಿಳಿಯುವ ಮುಂಚೆ ಬ್ರಹ್ಮಪ್ಪ ಊಟಕ್ಕೆ ಏಳಬೇಕು, ಹೊತ್ತು ಮುಳುಗುತ್ತಲೂ ಜ್ವಾಲಾಮಾಲಿನಿ ದೇವರ ಮುಂದೆ ದೀಪ ಹಚ್ಚಬೇಕು. ಅಷ್ಟರೊಳಗೆ ಎಂಥ ಮಹಾಯುದ್ಧವೂ ಮುಗಿಯಲೇಬೇಕಾಗಿತ್ತು.

ಯುದ್ಧದ ಕಾನೂನುಗಳಲ್ಲಿ ಎರಡನ್ನು ಬ್ರಹ್ಮಪ್ಪನೇ ಹಟ ಹಿಡಿದು ಸೇರಿಸಿದ್ದ. ಸೋಲು ಹತ್ತಿರ ಬಂತೆಂದರೆ ದೇವರಾಜು "ಒಂದ್ ಬೀಡಿ ಎಳ್ಕಂಡ್ ಬತ್ತೀನಿ" ಎಂದು ಎದ್ದು ಹೋಗಿ, ದಂಡಿಗನಹಳ್ಳಿ ಬಸ್ಸು ಹತ್ತಿಬಿಡುತ್ತಿದ್ದ. ಆದ್ದರಿಂದ ಮೊದಲನೆಯ ಕಾನೂನು: ಆಟ ಮುಗಿಯುವ ಮುಂಚೆ ಜಾಗ ಬಿಟ್ಟು ಎದ್ದವನು ಸೋತ. (ಪ್ರಕೃತಿಯ ಕರೆಗೆ ಮಾತ್ರ ವಿನಾಯಿತಿ, ಅದೂ ಚೊಂಬು ತೋರಿಸಿ ಹೋಗಬೇಕು.) ಎರಡನೆಯದು: ಯೋಚನೆ ಮಾಡುವುದಕ್ಕೆ ಕಾಲದ ಮಿತಿಯಿಲ್ಲ. ಬ್ರಹ್ಮಪ್ಪ ಒಂದು ಹುಣಿಸೆಬೀಜ ಸರಿಸಲು ಗಡ್ಡ ಸವರುತ್ತಾ ಅರ್ಧ ಮಧ್ಯಾಹ್ನ ಕಳೆಯುವವನಾದ್ದರಿಂದ ಇದು ಅವನಿಗೆ ಬೇಕೇ ಬೇಕಾಗಿತ್ತು.

ಹೀಗೆ ಸುಖವಾಗಿದ್ದಾಗ ಯುಗಾದಿ ಹತ್ತಿರ ಬಂತು. ಅದರ ಜೊತೆಗೆ ಎರಡು ಸುದ್ದಿ ಬಂದವು. ಅರಕಲಗೂಡಿನಿಂದ ಜ್ವಾಲಾಮಾಲಿನಿಯ ಅಣ್ಣ ನೇಮಿಚಂದ್ರ ಸಂಸಾರ ಸಮೇತ ಹಬ್ಬಕ್ಕೆ ಬರುತ್ತಾನೆ ಎಂಬುದು ಒಂದು. ಹಾಸನದಲ್ಲಿ ಮಗಳ ನೆರೆಮನೆಯ ಓವರ್‌ಸಿಯರ್ ಕೃಷ್ಣಪ್ಪನವರು ಹಬ್ಬದ ಮಾರನೆಯ ದಿನ ಬಂದು ಪಾಳುಕೋಟೆಯ ಫೋಟೋ ತೆಗೆಯುತ್ತಾರೆ ಎಂಬುದು ಇನ್ನೊಂದು. ಕೃಷ್ಣಪ್ಪನವರಿಗೆ ಹಳೇ ಕೋಟೆಗಳೆಂದರೆ ಪ್ರಾಣವಂತೆ, ಸ್ವಂತ ಕ್ಯಾಮೆರಾ ಇದೆಯಂತೆ, ರಾಜೀಮತಿ ಹೇಳಿದ್ದನ್ನು ಕೇಳಿ ಕುತೂಹಲ ತಡೆಯಲಾಗಲಿಲ್ಲವಂತೆ. ಬ್ರಹ್ಮಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಾತ್ರೆ ಅಂಗಡಿ ಇಟ್ಟದ್ದಕ್ಕೆ ಜನ್ಮದಲ್ಲಿ ಯಾರೂ ಅವನ ಫೋಟೋ ತೆಗೆದಿರಲಿಲ್ಲ.

"ಹಬ್ಬಕ್ಕೆ ಮುಂಚೆ ಕೋಟೆ ರಿಪೇರಿ ಮಾಡಿಸಿ ಸುಣ್ಣ ಹೊಡೆಸಿ," ಎಂದಳು ಜ್ವಾಲಾಮಾಲಿನಿ.

ಬ್ರಹ್ಮಪ್ಪ ಗೋಡೆಗೆ ಅಡ್ಡ ನಿಂತ. "ರಿಪೇರಿ? ಪಾಳುಕೋಟೆಗೆ?"

"ಮತ್ತೆ? ನಮ್ಮಣ್ಣ ಬಂದಾಗ ಹಿತ್ತಲಲ್ಲಿ ಪಾಳುಬಿದ್ದದ್ದು ಕಾಣಬೇಕೇ? ಬಾಗಿಲು ಮುರಿದ ಗೂಡೂ ಮನೇಲಿ ಇಟ್ಕೋಬಾರ್ದು ಅಂತಾರೆ, ನೀವು ಬೇಕೂಂತಲೇ ಬೆಳೆಸಿದ್ದೀರಿ. ಬಾವಿಕಟ್ಟೇಲಿ ಸುಬ್ಬಮ್ಮ ಕೇಳ್ತಾರೆ, 'ನಿಮ್ಮನೆ ಪಾಳು ಬಿದ್ದಿದ್ಯಂತಲ್ಲ, ಏನ್ ಕಷ್ಟ ಬಂತಮ್ಮ' ಅಂತ. ನಾನೇನು ಹೇಳಲಿ? ಕೋಟೆ ಬೇಡ ಅಂತಲ್ಲ ನಾನು. ಇರಲಿ. ನೆಟ್ಟಗಿರಲಿ."

ಬ್ರಹ್ಮಪ್ಪ ತನ್ನ ಬ್ರಹ್ಮಾಸ್ತ್ರ ತೆಗೆದ. "ಸುಣ್ಣ ಹೊಡೆದರೆ ಪಾಚಿ ಸಾಯುತ್ತಲ್ಲ ಮಾಲಿನಿ? ಪಾಚಿ ಅಂದ್ರೆ ಏಕೇಂದ್ರಿಯ ಜೀವ. ನಿನ್ನಂಥ ವ್ರತದೋಳು ಹಾಗೆ ಮಾಡಬಹುದೇ?"

ಅವಳು ಗೋಡೆಯ ಮೇಲೆ ಕೈಯಾಡಿಸಲು ಹೋಗಿ ಹಿಂದೆಗೆದುಕೊಂಡಳು. ಗೆದ್ದೆ ಎಂದು ಬ್ರಹ್ಮಪ್ಪ ಮೀಸೆಯಡಿಯಲ್ಲೇ ನಕ್ಕ. ಆ ದಿನದಿಂದ ಮನೆಯಲ್ಲಿ ಮಜ್ಜಿಗೆ ಹಿತ್ತಲಿಗೆ ಹೋಗುವುದು ನಿಂತಿತು. ಫಾಲ್ಗುಣದ ಬಿಸಿಲು. ಹದಿನೈದೇ ದಿನದಲ್ಲಿ ಪಾಚಿ ಯಾರ ಹಿಂಸೆಯೂ ಇಲ್ಲದೆ ತಾನಾಗಿ ಒಣಗಿ, ಹಪ್ಪಳವಾಗಿ, ಗಾಳಿಗೆ ಹಾರಿಹೋಯಿತು. ಪಾಪ, ಆಯುಸ್ಸು ತೀರಿತು ಎಂದಳು ಜ್ವಾಲಾಮಾಲಿನಿ.

ಈಗ ಅವನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಆರು ತಿಂಗಳ ಕೆಲಸ ಕಣೇ. ಅವರು ಬಂದು ನೋಡಿ ಹೋಗಲಿ, ಆಮೇಲೆ..."

"ಅಣ್ಣ ಅದಕ್ಕೆ ಮುಂಚೆಯೇ ಬರ್ತಾನಲ್ಲ."

ಅಂದು ಭಾನುವಾರ. ಆಟದ ಬಾಗಿಲಿನ ಮುಂದೆ ಬೀಜ ಜೋಡಿಸುತ್ತಾ ಕೂತಿದ್ದ ದೇವರಾಜು ಇಬ್ಬರ ಮುಖವನ್ನೂ ನೋಡಿ, "ಇದ್ಕ್ಯಾಕ್ ಜಗ್ಳ? ಕ್ವಾಟೆ ವಿಷ್ಯ, ಯುದ್ದದಾಗೇ ತೀರ್ಮಾನ ಆಗ್ಲಿ. ಅಕ್ಕ ಗೆದ್ರೆ ರಿಪೇರಿ, ಅಣ್ಣ ಗೆದ್ರೆ ಪಾಳು," ಎಂದ. ತಮಾಷೆಗೆ ಅಂದದ್ದು.

"ಆಗಲಿ," ಎಂದಳು ಜ್ವಾಲಾಮಾಲಿನಿ. "ಬರೋ ಭಾನುವಾರ. ಇವರ ಕಾನೂನೇ ಇರಲಿ. ನಾನು ಮುತ್ತಿಗೆ ಹಾಕ್ತೀನಿ."

ಕವಡೆಯನ್ನು ಕೈಯಲ್ಲಿ ಹಿಡಿಯದವಳು! ಬ್ರಹ್ಮಪ್ಪನಿಗೆ ಹೋದ ಜೀವ ಬಂದಂತಾಯಿತು. ಅರ್ಧ ಗಂಟೆಯ ಕೆಲಸ ಎಂದುಕೊಂಡ. ಬರುವ ಭಾನುವಾರ ಅಷ್ಟಮಿ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಭಾನುವಾರ ಬೆಳಿಗ್ಗೆಯಿಂದಲೇ ಮನೆಯಲ್ಲಿ ಒಬ್ಬಟ್ಟಿನ ವಾಸನೆ. "ನಂಗೆ ಉಪವಾಸ. ದೇವರಾಜು ಅಷ್ಟು ದೂರದಿಂದ ಬಂದು ಪಂಚಾಯಿತಿ ಮಾಡ್ತಾನಲ್ಲ, ಅವನಿಗೆ ಅಂತ ಮಾಡಿದೆ. ನೀವು ಈಗಲೇ ಉಂಡು ಕೂರ್ತೀರೋ, ಗೆದ್ದು ಉಣ್ತೀರೋ?" ಎಂದು ಜ್ವಾಲಾಮಾಲಿನಿ ಕೇಳಿದಳು. ಕೇಳಿದಳು ಎಂಬುದನ್ನು ಓದುವವರು ಮರೆಯಬಾರದು. ಆಮೇಲೆ ಅವಳ ಮೇಲೆ ತಪ್ಪು ಹೊರಿಸಬಾರದು.

"ಗೆದ್ದೇ ಉಣ್ತೀನಿ," ಎಂದ ವೀರಾಧಿವೀರ.

ಹೊತ್ತು ನೆತ್ತಿಗೇರುವ ಸುಮಾರಿಗೆ ಯುದ್ಧ ಆರಂಭವಾಯಿತು. ಬ್ರಹ್ಮಪ್ಪ ಮರಿಕೋಟೆಯ ಒಳಗೆ ಬೀಜ ತುಂಬಿ, ಒಂದೊಂದು ಕಿಂಡಿಗೂ ಕಾವಲಿಟ್ಟು, ಆನೆಯನ್ನು ಹೆಬ್ಬಾಗಿಲಿಗೆ ನಿಲ್ಲಿಸಿದ. ಜ್ವಾಲಾಮಾಲಿನಿ ಎದುರಿಗೆ ಚಾಪೆ ಹಾಸಿ ಕೂತಳು. ಪಕ್ಕದಲ್ಲಿ ಒಂದು ಮೊರ, ಮೊರದ ತುಂಬ ಅಕ್ಕಿ. ಕವಡೆ ಹಾಕಿ ತನ್ನ ಸೀತಾಫಲದ ಸೈನ್ಯವನ್ನು ಕೋಟೆಯ ಸುತ್ತ, ಕೈಗೆ ಸಿಗದಷ್ಟು ದೂರದಲ್ಲಿ ಬಳೆಯ ಹಾಗೆ ಇಟ್ಟಳು. ಆಮೇಲೆ ಅಕ್ಕಿಯಲ್ಲಿ ಕಲ್ಲು ಆರಿಸತೊಡಗಿದಳು.

"ನಡೆ," ಎಂದ ಬ್ರಹ್ಮಪ್ಪ.

"ಯೋಚನೆ ಮಾಡ್ತಾ ಇದ್ದೀನಿ."

ಒಂದು ಸೇರಕ್ಕಿ ಆರಿಸಿಯಾದ ಮೇಲೆ ಅವಳು ಒಂದು ಬೀಜವನ್ನು ಎಡಕ್ಕೆ ಸರಿಸಿದಳು. ಬ್ರಹ್ಮಪ್ಪ ಥಟ್ಟನೆ ತನ್ನ ನಡೆ ನಡೆದ. ಅವಳು ಮತ್ತೆ ಮೊರ ಎತ್ತಿಕೊಂಡಳು. ಇನ್ನೊಂದು ಸೇರಕ್ಕಿಯ ನಂತರ ಅದೇ ಬೀಜ ಬಲಕ್ಕೆ ಬಂತು.

"ಇದೇನು ಯುದ್ಧವೇ? ನುಗ್ಗೋಕೆ ನಾಲ್ಕು ಕಡೆ ಕಿಂಡಿ ಇದೆ, ನುಗ್ಗು!"

"ನುಗ್ಗಿದ್ರೆ ನಮ್ಮೋರೆಲ್ಲ ದೀಕ್ಷೆ ತಗೋತಾರೆ. ಅವರ ಹೆಂಡಿರು ಮಕ್ಕಳು ನನ್ನನ್ನ ಬೈಯೋದಿಲ್ವೇ?"

ಬ್ರಹ್ಮಪ್ಪ ರೋಸಿಹೋಗಿ ಆನೆಯ ಸಮೇತ ಹೊರಗೆ ನುಗ್ಗಿದ. ಸುತ್ತ ಕಾದಿದ್ದ ಸೀತಾಫಲದವರು ಎಂಟು ದಿಕ್ಕಿನಿಂದ ಬಂದು ಆನೆಗೂ, ಜೊತೆಗಿದ್ದವರಿಗೂ ಒಟ್ಟಿಗೇ ದೀಕ್ಷೆ ಕೊಟ್ಟರು. ಉಳಿದವರನ್ನು ಒಳಕ್ಕೆಳೆದುಕೊಂಡು ಅವನು ತೆಪ್ಪಗೆ ಕೂತ. ಆಗ ಹೊಟ್ಟೆ ಮೊದಲ ಸಲ ಗುರ್ ಎಂದಿತು.

"ದೇವರಾಜು, ಜಗಲಿ ಮೇಲೆ ಎಲೆ ಹಾಕಿ ಬಡಿಸಿಟ್ಟಿದ್ದೀನಿ. ಹೋಗಿ ಉಣ್ಣಪ್ಪ. ಪಂಚಾಯಿತಿಯೋರು ಏಳಬಾರ್ದು ಅಂತ ಕಾನೂನಿಲ್ಲ," ಎಂದಳು ಸೇನಾಧಿಪತಿ.

ಹಿತ್ತಲ ಜಗಲಿ ಬ್ರಹ್ಮಪ್ಪನ ಮೂಗಿನ ನೇರಕ್ಕೇ ಇತ್ತು. ದೇವರಾಜು ಒಬ್ಬಟ್ಟನ್ನು ಮಡಿಸಿ, ತುಪ್ಪದಲ್ಲಿ ಹೊರಳಿಸಿ, ಕಣ್ಣು ಮುಚ್ಚಿ ತಿಂದ. ಒಬ್ಬಟ್ಟಿನ ಸಾರನ್ನು ಸೊರ್ ಸೊರ್ ಎಂದು ಸುರಿದುಕೊಂಡ. "ಅಕ್ಕೋ, ಇನ್ನೊಂದೀಟು ತುಪ್ಪ ಇದ್ದದಾ?" ಎಂದು ಕೇಳಿದ. ಪಟ್ಟಾಳದಲ್ಲಿ ಇವನನ್ನು ಬದುಕಿಸಿ ಕಳಿಸಿದ್ದೇ ತಪ್ಪು ಎಂದು ಬ್ರಹ್ಮಪ್ಪನಿಗೆ ಅನ್ನಿಸಿತು. (ಮನಸ್ಸಿನಲ್ಲಿ ಹಿಂಸೆ. ಆದರೆ ಹಸಿದವನು.)

ಹೊತ್ತು ಪಡುವಣಕ್ಕೆ ಇಳಿಯಿತು. ಎರಡು ಸಲ ಮೊರ ಖಾಲಿಯಾಗಿ, ದೇವರಾಜು ಒಳಗಿಂದ ತಂದುಕೊಟ್ಟ ಅವರೆಕಾಳಿನಿಂದ ತುಂಬಿತು. ಜ್ವಾಲಾಮಾಲಿನಿಯ ಮುಖದಲ್ಲಿ ಹಸಿವಿನ ಒಂದು ಗೆರೆಯೂ ಇಲ್ಲ. ಪರ್ವದ ಉಪವಾಸಗಳನ್ನೇ ನುಂಗಿ ಕೂತವಳಿಗೆ ಇದು ಯಾವ ಲೆಕ್ಕ? ಆಗ ಬ್ರಹ್ಮಪ್ಪನಿಗೆ ಎಲ್ಲವೂ ಒಮ್ಮೆಗೇ ಹೊಳೆಯಿತು. ಮುತ್ತಿಗೆ ಬಿದ್ದಿರುವುದು ಮರಿಕೋಟೆಗಲ್ಲ, ತನ್ನ ಹೊಟ್ಟೆಗೆ! ಎದ್ದರೆ ಸೋತ. ಏಳದಿದ್ದರೆ ಹೊತ್ತು ಮುಳುಗುತ್ತದೆ. ಮುಳುಗಿದರೆ ನಾಳೆ ಬೆಳಗಿನವರೆಗೆ ಹನಿ ನೀರಿಲ್ಲ. ಕಾಯುವವರಿಗೆ ಊಟ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಹೊಳೆನರಸೀಪುರದ ಗೋಡೆಯ ಮುಂದೆ ನಿಂತಾಗ ಅವನು ಕೇಳಿಕೊಂಡೇ ಇರಲಿಲ್ಲ.

ಸೂರ್ಯ ಹಿತ್ತಲಾಚೆಯ ಮನೆಯ ಹೆಂಚು ಮುಟ್ಟಿದ.

ಬ್ರಹ್ಮಪ್ಪ ತಿರುಗಿ ಹಿತ್ತಲ ಕೋಟೆಯನ್ನು ನೋಡಿದ. ಇಳಿಬಿಸಿಲು ಬಿದ್ದ ಬುರುಜಿನ ಮೇಲೆ ಕೆಂಪಗೆ ಕೂತಿತ್ತು, ಅರಳಿಸಸಿಯ ಎಲೆಗಳು ಅಲುಗುತ್ತಿದ್ದವು. ಎಷ್ಟು ಚೆಂದ ಬಿದ್ದಿದೆ! ಇದಕ್ಕಾಗಿ ಒಂದು ರಾತ್ರಿ ಹಸಿದ ಹೊಟ್ಟೆಯಲ್ಲಿ ಕೂರಲಾರನೇ? ಕೂರುತ್ತೇನೆ, ಜಪ್ಪಯ್ಯ ಅಂದರೂ ಏಳುವುದಿಲ್ಲ ಎಂದು ಹಲ್ಲು ಕಚ್ಚಿದ.

"ಒಬ್ಬಟ್ಟು ಕೆಂಡದ ಮೇಲೇ ಇದೆ. ಇನ್ನೂ ಬಿಸಿ ಆರಿಲ್ಲ," ಎಂದಳು ಜ್ವಾಲಾಮಾಲಿನಿ, ಯಾರಿಗೂ ಹೇಳದವಳ ಹಾಗೆ. "ಹೂರಣಕ್ಕೆ ಇವತ್ತು ಏಲಕ್ಕಿ ಒಂದು ಕೈ ಜಾಸ್ತಿ ಬಿತ್ತು."

ಬ್ರಹ್ಮಪ್ಪ ಎದ್ದ.

ಎದ್ದವನು ನಿಲ್ಲಲೂ ಇಲ್ಲ. ಚೊಂಬು ತೆಗೆದುಕೊಂಡು ಕೈಕಾಲಿಗೆ ನೀರು ಹಾಕಿಕೊಂಡವನೇ ಎಲೆಯ ಮುಂದೆ ಬಿದ್ದ. "ಅಕ್ಕ ಗೆದ್ರು!" ಎಂದು ದೇವರಾಜು ಕೂಗಿದ್ದು ಅವನ ಕಿವಿಗೆ ಬೀಳಲಿಲ್ಲ. ಮೂರು ಒಬ್ಬಟ್ಟು ಒಳಗೆ ಹೋಗಿ, ನಾಲ್ಕನೆಯದು ಕೈಯಲ್ಲಿದ್ದಾಗ ಜೀವ ತಹಬಂದಿಗೆ ಬಂತು. ಅಷ್ಟರಲ್ಲಿ ಜ್ವಾಲಾಮಾಲಿನಿ ಕೈಕಾಲು ತೊಳೆದು, ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು.

ಬ್ರಹ್ಮಪ್ಪನ ಕೈ ಅಲ್ಲೇ ನಿಂತಿತು. "ಮಾಲಿನಿ," ಎಂದ ನಿಧಾನವಾಗಿ, "ನಾನು ಇನ್ನೊಂದು ಗಳಿಗೆ ಕೂತಿದ್ದಿದ್ರೆ... ದೀಪ ಹಚ್ಚೋಕೆ ನೀನೇ ಏಳಬೇಕಿತ್ತಲ್ಲ?"

"ಹೌದು," ಎಂದಳು ಅವಳು, ಬತ್ತಿ ಸರಿಮಾಡುತ್ತಾ. "ಏಲಕ್ಕಿ ವಿಷಯ ಅದಕ್ಕೇ ಎತ್ತಿದ್ದು. ಹೊತ್ತಾಯ್ತು, ಬೇಗ ಮುಗಿಸಿ."

ಮಾರನೆಯ ದಿನವೇ ಗಾರೆ ಕೆಲಸದ ಹುಚ್ಚಯ್ಯ ಬಂದ. ಯುಗಾದಿಯ ಹೊತ್ತಿಗೆ ಕೋಟೆ ಗೋಡೆಗೆ ಗೋಡೆ, ಬುರುಜಿಗೆ ಬುರುಜು ನೆಟ್ಟಗಾಗಿ, ಸುಣ್ಣ ಬಳಿಸಿಕೊಂಡು, ಅಂಚಿಗೆ ಕೆಮ್ಮಣ್ಣಿನ ಪಟ್ಟೆ ಎಳೆಸಿಕೊಂಡು, ಹೆಬ್ಬಾಗಿಲಿಗೆ ಮಾವಿನ ತೋರಣ ಕಟ್ಟಿಸಿಕೊಂಡು ಫಳಫಳ ಹೊಳೆಯಿತು. ಎದುರಿಗೆ ರಂಗೋಲಿ. ಹಿಂದಿನ ಮೂಲೆಯೊಂದು ಮಾತ್ರ ಬಿದ್ದ ಹಾಗೆಯೇ ಉಳಿದಿತ್ತು. ಅಲ್ಲಿ ಅರಳಿಸಸಿ ಬೇರು ಬಿಟ್ಟಿತ್ತು. "ಜೀವ ಇದೆ, ಕೀಳಬೇಡ," ಎಂದು ಜ್ವಾಲಾಮಾಲಿನಿ ಹುಚ್ಚಯ್ಯನ ಕೈ ತಡೆದಿದ್ದಳಂತೆ. ಬ್ರಹ್ಮಪ್ಪ ದಿನಾ ಬೆಳಿಗ್ಗೆ ಅದಕ್ಕೆ ನೀರೆರೆಯುತ್ತಾನೆ. ಬೇರು ದಪ್ಪವಾದರೆ ಗೋಡೆ ಬೀಳಲೇಬೇಕಲ್ಲ ಎಂಬುದು ಅವನ ದೂರದ ಆಸೆ.

ಅಣ್ಣ ನೇಮಿಚಂದ್ರ ನೋಡಿ ಮೆಚ್ಚಿ, ಉಂಡು, ಊರಿಗೆ ಹೊರಟ. ಮಾರನೆಯ ದಿನ ಕ್ಯಾಮೆರಾ ನೇತುಹಾಕಿಕೊಂಡು ಓವರ್‌ಸಿಯರ್ ಕೃಷ್ಣಪ್ಪನವರು ಬಂದರು. ಹಿತ್ತಲಲ್ಲಿ ನಿಂತು ಆ ಕಡೆ ಈ ಕಡೆ ಹುಡುಕಿದರು.

"ಪಾಳುಬಿದ್ದದ್ದು ಎಲ್ಲಿದೆ ಬ್ರಹ್ಮಪ್ಪನೋರೇ?"

ಬ್ರಹ್ಮಪ್ಪ ತಲೆ ತಗ್ಗಿಸಿದ. "ಕಟ್ಟಿದ್ದು ಅಣ್ಣ, ಗೆದ್ದಿದ್ದು ಅಕ್ಕ ಸಾ," ಎಂದು, ಫೋಟೋ ತೆಗೆಯುವುದನ್ನು ನೋಡಲು ಬಂದಿದ್ದ ದೇವರಾಜು ನಡೆದದ್ದನ್ನೆಲ್ಲ ಬಣ್ಣ ಕಟ್ಟಿ ಹೇಳಿದ. ಕೃಷ್ಣಪ್ಪನವರ ಕಣ್ಣು ಅರಳಿತು. ಫೋಟೋ ವಿಷಯ ಮರೆತು, "ಅಮ್ಮಾ, ನನ್ನ ಜೊತೆ ಒಂದು ಆಟ ಆಡ್ತೀರಾ?" ಎಂದು ಕೇಳಿದರು. ಜ್ವಾಲಾಮಾಲಿನಿ ನಾಚಿಕೊಂಡಳು, ನಾಚಿಕೊಳ್ಳುತ್ತಲೇ ಚಾಪೆ ಹಾಸಿದಳು. ಈ ಸಲ ಅವಳು ಕೋಟೆಯ ಒಳಗೆ. ಹಿತ್ತಲ ಕೋಟೆ ರಿಪೇರಿಯಾದ್ದರಿಂದ ಮರಿಕೋಟೆಯಲ್ಲೂ ಕಿಂಡಿಯೆಲ್ಲ ಮುಚ್ಚಿ, ಹಿಂದೆ ಒಂದೇ ಒಂದು ಸಂದಿ ಉಳಿದಿತ್ತು. ಆ ಸಂದಿಗೆ ಆನೆ ನಿಲ್ಲಿಸಿ, ಮೊರ ಎತ್ತಿಕೊಂಡಳು.

ಬ್ರಹ್ಮಪ್ಪನಿಗೆ ಒಳಗೊಳಗೇ ಖುಷಿ. ಈ ಜಗತ್ತಿನಲ್ಲಿ ಅವಳ ಗುಟ್ಟು ಗೊತ್ತಿರುವವನು ತಾನೊಬ್ಬನೇ. ಕೃಷ್ಣಪ್ಪನವರ ಕಿವಿಯ ಹತ್ತಿರ ಬಗ್ಗಿ, "ಮೊದಲು ಹೊಟ್ಟೆ ತುಂಬ ಉಂಡು ಕೂತ್ಕೊಳ್ಳಿ ಸಾರ್. ಹೊತ್ತು ಮುಳುಗೋವರೆಗೂ ಏಳಬೇಡಿ. ದೀಪ ಹಚ್ಚೋಕೆ ಅವಳೇ ಏಳ್ತಾಳೆ, ಕೋಟೆ ನಿಮ್ಮದು," ಎಂದು ಪಿಸುಗುಟ್ಟಿದ.

ಕೃಷ್ಣಪ್ಪನವರು ಹಾಗೆಯೇ ಉಂಡು ಕೂತರು. ಮಧ್ಯಾಹ್ನ ಹೋಯಿತು. ಹಾಸನದ ಬಸ್ಸೊಂದು ಹೋಯಿತು, ಇನ್ನೊಂದು ಹೋಯಿತು. ಆಟದ ಗುಂಗಿನಲ್ಲಿ ಯಾರಿಗೂ ಬಸ್ಸಿನ ಪರಿವೆಯಿಲ್ಲ. ಬ್ರಹ್ಮಪ್ಪ ಹೊತ್ತಿಗೆ ಮುಂಚೆಯೇ ತಾನೇ ಬಡಿಸಿಕೊಂಡು ಉಂಡು, ಬಾಯಿ ಮುಕ್ಕಳಿಸಿ, ಮುಂದಾಗುವುದನ್ನು ನೋಡಲು ಜಗಲಿಯ ಮೇಲೆ ಕಾಲು ಚಾಚಿ ಕೂತ. ಸೂರ್ಯ ಹಿತ್ತಲಾಚೆಯ ಮನೆಯ ಹೆಂಚು ಮುಟ್ಟಿದ, ಹೆಂಚಿನ ಹಿಂದೆ ಇಳಿದ. ಈಗ ಏಳುತ್ತಾಳೆ, ಇಗೋ ಏಳುತ್ತಾಳೆ!

ಜ್ವಾಲಾಮಾಲಿನಿ ಅವರೆಕಾಳಿನಿಂದ ತಲೆ ಎತ್ತಿದಳು.

"ಏನೂಂದ್ರೆ," ಎಂದು ಕರೆದಳು, "ಹೊತ್ತು ಮುಳುಗಿತು ನೋಡಿ. ಕೈಕಾಲು ತೊಳ್ಕೊಂಡು ದೇವರಿಗೆ ದೀಪ ಹಚ್ಚಿಬಿಡಿ. ನಾನು ಜಾಗ ಬಿಟ್ಟು ಏಳೋ ಹಾಗಿಲ್ಲ, ನಿಮ್ಮದೇ ಕಾನೂನು."

ಬ್ರಹ್ಮಪ್ಪ ಎದ್ದುಹೋಗಿ ದೀಪ ಹಚ್ಚಿದ.